ವಲಸೆ ಬಂದವರು, ಸ್ಥಳೀಯರ ಕೆಲಸ ಮತ್ತು ಸಂಬಳ: ಪದೇ ಪದೇ ಕೇಳುವ ಪ್ರಶ್ನೆಗಳು

ವಲಸೆಯ ಮಾತು ಎತ್ತಿದರೆ ಸಾಕು, ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಇಲ್ಲಿ ವಲಸೆ ಅಂದರೆ ಒಂದು ದೇಶದಿಂದ ಇನ್ನೊಂದಕ್ಕೆ ದುಡಿಯಲು ಹೋಗುವುದು. ಯಾವ ಉತ್ತರವನ್ನು ಬೇಕಾದರೂ ಮೊದಲು ಓದಬಹುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಜನ ಬಂದರು ಅಂತ ಎಲ್ಲರೂ ಎಣಿಸುತ್ತಾರೆ. ಬಂದವರಿಗೆ ಯಾವ ಹಕ್ಕಿತ್ತು, ಹೊಂದಿಕೊಳ್ಳಲು ಮಾರುಕಟ್ಟೆಗೆ ಎಷ್ಟು ಸಮಯ ಸಿಕ್ಕಿತು ಅಂತ ಕೇಳುವವರು ಕಡಿಮೆ. ಯಾರ ಸಂಬಳ ಏರುತ್ತದೆ, ಯಾರದ್ದು ಇಳಿಯುತ್ತದೆ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ.

## ಮೊದಲ ಪ್ರಶ್ನೆಗಳು

ಇರೋದೇ ಇಷ್ಟು ಕೆಲಸ. ಹೊರಗಿನವರು ಬಂದರೆ ನಮ್ಮ ಪಾಲು ಕಡಿಮೆ ಆಗೋದಿಲ್ವಾ?

ಒಂದು ದೇಶದಲ್ಲಿ ಇಂತಿಷ್ಟೇ ಕೆಲಸ ಇರುತ್ತದೆ ಅಂತ ಯಾರೂ ಅಳೆದು ಇಟ್ಟಿಲ್ಲ. ಬಂದವರು ದುಡಿಯುವುದಷ್ಟೇ ಅಲ್ಲ, ಖರ್ಚನ್ನೂ ಮಾಡುತ್ತಾರೆ. ಊಟ ಮಾಡುತ್ತಾರೆ, ಬಾಡಿಗೆ ಕಟ್ಟುತ್ತಾರೆ, ಬಸ್ಸು ಹತ್ತುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಆ ಖರ್ಚಿನಿಂದ ಬೇರೆಯವರಿಗೆ ಕೆಲಸ ಹುಟ್ಟುತ್ತದೆ. ಕಳೆದ ಶತಮಾನದಲ್ಲಿ ಎಷ್ಟೋ ದೇಶಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸಂಬಳದ ಕೆಲಸಕ್ಕೆ ಬಂದರು. ಅಷ್ಟೇ ಸಂಖ್ಯೆಯ ಗಂಡಸರು ಮನೆಯಲ್ಲಿ ಕೂರಲಿಲ್ಲ. ಒಟ್ಟು ಕೆಲಸವೇ ಬೆಳೆಯಿತು.

ಆದರೆ ಇದೆಲ್ಲ ರಾತ್ರೋರಾತ್ರಿ ಆಗುವುದಿಲ್ಲ. ಹೊಸ ಅಂಗಡಿ ತೆರೆಯಲು, ಹೊಸ ಯಂತ್ರ ತರಿಸಲು ಮಾಲೀಕರಿಗೆ ಸಮಯ ಬೇಕು. ಆ ಮಧ್ಯದ ದಿನಗಳಲ್ಲಿ ಕೆಲವರಿಗೆ ನಿಜವಾಗಿ ಕಷ್ಟ ಆಗಬಹುದು. ಅದನ್ನು ಇಲ್ಲ ಅನ್ನುವುದು ಸರಿಯಲ್ಲ.

ಇಡೀ ಜಗತ್ತೇ ವಲಸೆ ಹೋಗ್ತಿದೆ ಅನ್ಸುತ್ತೆ. ನಿಜವಾಗಿ ಎಷ್ಟು ಜನ?

ವಿಶ್ವಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಇದ್ದವರು ಸುಮಾರು 28.1 ಕೋಟಿ. ಜಗತ್ತಿನ ಜನಸಂಖ್ಯೆಯ ಶೇ. 3.6. ದುಡಿಯುವವರನ್ನು ಮಾತ್ರ ತೆಗೆದುಕೊಂಡರೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪ್ರಕಾರ 2022ರಲ್ಲಿ ಸುಮಾರು 16.77 ಕೋಟಿ. ಜಗತ್ತಿನ ಉಳಿದ ಶೇ. 96ರಷ್ಟು ಜನ ಹುಟ್ಟಿದ ದೇಶದಲ್ಲೇ ಇದ್ದಾರೆ.

ಸರಕು ಜಾಸ್ತಿ ಆದರೆ ಬೆಲೆ ಇಳಿಯುತ್ತೆ. ಕೆಲಸಗಾರರು ಜಾಸ್ತಿ ಆದರೆ ಕೂಲಿನೂ ಇಳಿಯಲೇಬೇಕು ಅಲ್ವಾ?

ಇಳಿಯಬಹುದು. ಇಳಿಯಲೇಬೇಕು ಅಂತಿಲ್ಲ. ಬಂದವರು ಮತ್ತು ಇದ್ದವರು ಒಂದೇ ಥರದ ಕೆಲಸಗಾರರಾಗಿದ್ದರೆ ಮಾತ್ರ ಈ ಲೆಕ್ಕ ನೇರವಾಗಿ ಕೂರುತ್ತದೆ. ಒಂದು ಕಟ್ಟಡದ ಕೆಲಸ ನೋಡಿ. ಇಟ್ಟಿಗೆ ಹೊರುವವರು, ಗಾರೆ ಕೆಲಸದವರು ಸುಲಭವಾಗಿ ಸಿಕ್ಕರೆ ಗುತ್ತಿಗೆದಾರ ಇನ್ನೊಂದೆರಡು ಕಟ್ಟಡಕ್ಕೆ ಕೈ ಹಾಕುತ್ತಾನೆ. ಆಗ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಲಾರಿ ಚಾಲಕ, ಲೆಕ್ಕ ಬರೆಯುವವರು ಇನ್ನೂ ಜಾಸ್ತಿ ಬೇಕಾಗುತ್ತಾರೆ. ಅವರ ಸಂಬಳ ಏರಬಹುದು. ಇಟ್ಟಿಗೆ ಹೊರುತ್ತಿದ್ದ ಹಳಬರ ಕೂಲಿ ಮಾತ್ರ ಅಲ್ಲಾಡಬಹುದು.

ಹಾಗಾಗಿ ಪ್ರಶ್ನೆಯನ್ನು ಹೀಗೆ ಕೇಳಬೇಕು: ಬಂದವರಂಥದ್ದೇ ಕೆಲಸ ಮಾಡುತ್ತಿದ್ದವರು ಯಾರು? ಹೆಚ್ಚಿನ ಕಡೆ ಅದಕ್ಕೆ ಸಿಗುವ ಉತ್ತರ, ಅವರಿಗಿಂತ ಮುಂಚೆ ಬಂದ ವಲಸಿಗರು. ಅದೇ ಭಾಷೆ, ಅದೇ ಕಸುಬು, ಅದೇ ಮಾಲೀಕರು. ವಿಜ್ಞಾನಿಗಳ ಸಂಸ್ಥೆಗಳಾದ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2016ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವು. ಹತ್ತು ವರ್ಷಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಸ್ಥಳೀಯರ ಸಂಬಳದ ಮೇಲೆ ಒಟ್ಟಾರೆ ಪರಿಣಾಮ ತೀರಾ ಕಡಿಮೆ ಅಂತ ಕಂಡಿತು. ಎಲ್ಲಿ ಇಳಿಕೆ ಕಂಡಿತೋ ಅಲ್ಲಿ ಅದು ಮೊದಲು ತಟ್ಟಿದ್ದು ಹಳೆಯ ವಲಸಿಗರಿಗೆ. ಆಮೇಲೆ ಪ್ರೌಢಶಾಲೆ ಮುಗಿಸದ ಸ್ಥಳೀಯರಿಗೆ.

ನಾವು ಮಾಡದ ಕೆಲಸವನ್ನೇ ಅವರು ಮಾಡ್ತಾರೆ ಅಂತಾರಲ್ಲ, ನಿಜನಾ?

ಅರ್ಧ ನಿಜ. "ಆ ಸಂಬಳಕ್ಕೆ, ಆ ಸ್ಥಿತಿಯಲ್ಲಿ ನಾವು ಮಾಡದ ಕೆಲಸ" ಅಂದರೆ ಪೂರ್ತಿ ನಿಜ. ಯಾವ ಕೆಲಸವೂ ಹುಟ್ಟಿನಿಂದಲೇ ಪರದೇಶದವರ ಕೆಲಸ ಆಗಿರುವುದಿಲ್ಲ.

ಇದರ ಇನ್ನೊಂದು ಮಗ್ಗಲು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ವಲಸಿಗರು ಬಂದಾಗ ಸ್ಥಳೀಯರೂ ಇದ್ದಲ್ಲೇ ಇರುವುದಿಲ್ಲ. ಡೆನ್ಮಾರ್ಕ್ 1986ರಿಂದ 1998ರವರೆಗೆ ನಿರಾಶ್ರಿತರನ್ನು ದೇಶದ ಬೇರೆ ಬೇರೆ ಕಡೆಗೆ ಹಂಚಿ ಕಳಿಸಿತು. ಯಾರು ಎಲ್ಲಿಗೆ ಅಂತ ಸರ್ಕಾರವೇ ತೀರ್ಮಾನಿಸಿದ್ದರಿಂದ ಪರಿಣಾಮ ಅಳೆಯುವುದು ಸುಲಭವಾಯಿತು. ಅರ್ಥಶಾಸ್ತ್ರಜ್ಞರಾದ ಮೆಟ್ಟೆ ಫೋಗೆಡ್ ಮತ್ತು ಜೊವಾನಿ ಪೆರಿ ಅದನ್ನು ಅಧ್ಯಯನ ಮಾಡಿದರು. ನಿರಾಶ್ರಿತರು ಹೆಚ್ಚು ಬಂದ ಕಡೆ ಕಡಿಮೆ ಓದಿದ ಡೇನಿಷ್ ಜನ, ಅದರಲ್ಲೂ ಕಿರಿಯರು, ಮೈಮುರಿಯುವ ಕೆಲಸ ಬಿಟ್ಟು ಮಾತು ಮತ್ತು ವ್ಯವಹಾರ ಬೇಕಾದ ಕೆಲಸಕ್ಕೆ ಸರಿದಿದ್ದರು. ಅವರ ಸಂಬಳವೂ ಏರಿತ್ತು. ಸ್ಥಳೀಯರಿಗೆ ಭಾಷೆ ಗೊತ್ತು, ಜನ ಗೊತ್ತು. ಆ ಅನುಕೂಲ ಅವರ ಕೈ ಹಿಡಿಯಿತು. ಆದರೆ ಹೊಸ ಕೆಲಸ ಕಲಿಯುವ ದಾರಿ ತೆರೆದಿದ್ದರೆ ಮಾತ್ರ ಹೀಗೆ ಸರಿಯಲು ಆಗುತ್ತದೆ.

## ನಡೆದ ಘಟನೆಗಳು ಏನು ಹೇಳುತ್ತವೆ

ಲೆಕ್ಕಾಚಾರ ಬಿಡಿ. ಸಾವಿರಾರು ಜನ ಒಮ್ಮೆಗೇ ಬಂದು ಇಳಿದಾಗ ಏನಾಯ್ತು?

ಎಲ್ಲರೂ ಎತ್ತುವ ಉದಾಹರಣೆ ಅಮೆರಿಕದ ಮಯಾಮಿ ನಗರ. 1980ರ ಏಪ್ರಿಲ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೋ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಹೋಗುವವರು ಹೋಗಬಹುದು ಅಂದರು. ಅಕ್ಟೋಬರ್ ಹೊತ್ತಿಗೆ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕ ಸೇರಿದರು. ಅರ್ಧದಷ್ಟು ಜನ ಮಯಾಮಿಯಲ್ಲೇ ಉಳಿದರು. ನಗರದ ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ ಸುಮಾರು ಶೇ. 7ರಷ್ಟು ಹಿಗ್ಗಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾ ನಗರಗಳ ಜೊತೆ ಇಟ್ಟು ಹೋಲಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹಲವರಿಗೆ ಅಚ್ಚರಿ ತಂದಿತು: ಕಡಿಮೆ ಕೌಶಲದ ಸ್ಥಳೀಯರ ಸಂಬಳದ ಮೇಲೂ ನಿರುದ್ಯೋಗದ ಮೇಲೂ ಹೇಳಿಕೊಳ್ಳುವಂಥ ಪರಿಣಾಮ ಇರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಸುಮಾರು 9 ಲಕ್ಷ ಜನ ಅಲ್ಲಿಂದ ಫ್ರಾನ್ಸ್‌ಗೆ ಬಂದರು. ಜೆನ್ನಿಫರ್ ಹಂಟ್ ಅವರ ಅಂದಾಜಿನಲ್ಲಿ, ಇದರಿಂದ ಮೊದಲೇ ಫ್ರಾನ್ಸ್‌ನಲ್ಲಿದ್ದವರ ನಿರುದ್ಯೋಗ ಏರಿದ್ದು ಹೆಚ್ಚೆಂದರೆ ಶೇಕಡಾ 0.3 ಅಂಶದಷ್ಟು. ಸಂಬಳ ಇಳಿದದ್ದು ಹೆಚ್ಚೆಂದರೆ ಶೇ. 1.3. ಸೊನ್ನೆ ಅಲ್ಲ, ಆದರೆ ಜನ ಹೆದರಿದ್ದಷ್ಟು ಖಂಡಿತ ಅಲ್ಲ. ಸೋವಿಯತ್ ಒಕ್ಕೂಟ ಕುಸಿದ ಕಾಲದಲ್ಲಿ ಅಲ್ಲಿಂದ ಬಂದವರಿಂದ ಇಸ್ರೇಲಿನ ಜನಸಂಖ್ಯೆ 1990ರಿಂದ 1994ರೊಳಗೆ ಶೇ. 12ರಷ್ಟು ಏರಿತು. ಅಲ್ಲೂ ಸ್ಥಳೀಯರ ಸಂಬಳ ಕುಸಿದದ್ದು ಕಾಣಲಿಲ್ಲ. ಹೊಡೆತ ತಿಂದದ್ದು ಬಂದವರೇ. ಓದಿದ ಎಂಜಿನಿಯರುಗಳು, ವೈದ್ಯರು ಎಷ್ಟೋ ಕಾಲ ಓದಿಗೆ ಸಂಬಂಧವಿಲ್ಲದ ಕೆಳಗಿನ ಕೆಲಸಗಳಲ್ಲಿ ದುಡಿದರು.

ಬೇರೆ ಅರ್ಥಶಾಸ್ತ್ರಜ್ಞರು ಸಂಬಳ ಇಳಿದಿದೆ ಅಂತಾರಲ್ಲ. ಯಾರನ್ನು ನಂಬೋದು?

ಜಾರ್ಜ್ ಬೋರ್ಹಾಸ್ ಅದೇ ಮಯಾಮಿಯ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಅವರೇ ಚಿಕ್ಕಂದಿನಲ್ಲಿ ಕ್ಯೂಬಾದಿಂದ ಅಮೆರಿಕಕ್ಕೆ ಬಂದವರು. ಅವರು ಪ್ರೌಢಶಾಲೆ ಮುಗಿಸದ ಗಂಡಸರನ್ನು ಮಾತ್ರ ತೆಗೆದುಕೊಂಡರು. ಆ ಗುಂಪಿನ ಸಂಬಳ ಶೇ. 10ರಿಂದ 30ರಷ್ಟು ಇಳಿದಿತ್ತು ಅಂದರು. ಅದಕ್ಕೆ ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನ್ನಿಫರ್ ಹಂಟ್ ಕೊಟ್ಟ ಉತ್ತರ ಇದು: ಆ ಗುಂಪು ತುಂಬ ಚಿಕ್ಕದು. ಅದೇ ವರ್ಷಗಳಲ್ಲಿ ಸಮೀಕ್ಷೆಗೆ ಸಿಕ್ಕ ಜನರ ಸ್ವರೂಪವೇ ಬದಲಾಗಿತ್ತು. ಕಡಿಮೆ ಸಂಬಳದ ಕಪ್ಪು ಜನಾಂಗದ ಗಂಡಸರು ಲೆಕ್ಕದಲ್ಲಿ ಹೆಚ್ಚು ಸೇರಿದ್ದರು. ಹಾಗಾಗಿ ಸರಾಸರಿ ಇಳಿದಂತೆ ಕಾಣುತ್ತದೆ.

ನನಗೆ ಈ ಟೀಕೆ ಸರಿ ಅನ್ನಿಸುತ್ತದೆ. ಹಾಗಂತ ಬೋರ್ಹಾಸ್ ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಬಾರದು. ಸರಾಸರಿ ಚೆನ್ನಾಗಿದೆ ಅಂದಾಗ ಅದರ ಕೆಳಗೆ ಯಾರು ಮುಳುಗಿದ್ದಾರೆ ಅಂತ ನೋಡಲೇಬೇಕು. 1991ರಲ್ಲಿ ಜರ್ಮನಿ ತನ್ನ ಗಡಿಯ ಜಿಲ್ಲೆಗಳಲ್ಲಿ ಜೆಕ್ ಕಾರ್ಮಿಕರಿಗೆ ದಿನಾ ಬಂದು ಹೋಗಿ ಕೆಲಸ ಮಾಡಲು ಅವಕಾಶ ಕೊಟ್ಟಿತು. ಅವರು ದುಡಿದದ್ದು ಜರ್ಮನಿಯಲ್ಲಿ, ಖರ್ಚು ಮಾಡಿದ್ದು ಹೆಚ್ಚಾಗಿ ತಮ್ಮ ಮನೆಯ ಕಡೆ. ಆ ಜಿಲ್ಲೆಗಳಲ್ಲಿ ಸ್ಥಳೀಯರ ಉದ್ಯೋಗ ಎದ್ದು ಕಾಣುವಷ್ಟು ಇಳಿಯಿತು. ಕಾರಣ ಬಹುಮಟ್ಟಿಗೆ ಹೊಸ ನೇಮಕ ಕಡಿಮೆಯಾದದ್ದು. ವಯಸ್ಸಾದ ಕೆಲಸಗಾರರಿಗೆ ಪೆಟ್ಟು ಜಾಸ್ತಿ ಬಿತ್ತು. ಅಂದರೆ ಒಂದು ಅಧ್ಯಯನ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಪರಿಸ್ಥಿತಿ ಬೇರೆ ಇತ್ತು, ಫಲವೂ ಬೇರೆ ಬಂತು.

ಎಲ್ಲರನ್ನೂ ವಾಪಸ್ ಕಳಿಸಿಬಿಟ್ಟರೆ ಸ್ಥಳೀಯರ ಕೂಲಿ ಏರುತ್ತಲ್ಲ?

ಇದನ್ನು ಮಾಡಿ ನೋಡಿದ್ದಾರೆ. ಬ್ರಸೆರೋ ಎಂಬ ಒಪ್ಪಂದದಡಿ 1942ರಿಂದ ಮೆಕ್ಸಿಕೋದ ಕಾರ್ಮಿಕರು ಅಮೆರಿಕದ ಹೊಲಗಳಿಗೆ ಸುಗ್ಗಿಯ ಕೆಲಸಕ್ಕೆ ಬರುತ್ತಿದ್ದರು. ಅವರಿಂದ ಸ್ಥಳೀಯರ ಕೂಲಿ ಏರುತ್ತಿಲ್ಲ ಅಂತ 1964ರ ಕೊನೆಗೆ ಒಪ್ಪಂದವನ್ನೇ ನಿಲ್ಲಿಸಿದರು. ಸುಮಾರು 5 ಲಕ್ಷ ಕೆಲಸಗಾರರು ಹೊರಗುಳಿದರು. ಕ್ಲೆಮೆನ್ಸ್, ಎಥನ್ ಲೂಯಿಸ್ ಮತ್ತು ಹ್ಯಾನಾ ಪೋಸ್ಟೆಲ್ ದಾಖಲೆಗಳನ್ನು ಕೆದಕಿ ನೋಡಿದರೆ, ಮೆಕ್ಸಿಕೋದವರು ಹೆಚ್ಚಿದ್ದ ರಾಜ್ಯಗಳಲ್ಲಿ ಕೂಲಿ ಬೇರೆ ಕಡೆಗಿಂತ ವೇಗವಾಗಿ ಏರಿರಲಿಲ್ಲ.

ರೈತರು ಬೇರೆ ದಾರಿ ಹಿಡಿದಿದ್ದರು. ಟೊಮೆಟೊ ಕೀಳುವ ಯಂತ್ರವನ್ನೂ, ಆ ಯಂತ್ರದ ಏಟಿಗೆ ಒಡೆಯದ ಗಟ್ಟಿ ತಳಿಯನ್ನೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮುಂಚೆಯೇ ತಯಾರು ಮಾಡಿಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಸ್ಕರಣೆಯ ಟೊಮೆಟೊ ಬೆಳೆ ಯಂತ್ರದ ಪಾಲಾಯಿತು. ಯಂತ್ರ ಇಲ್ಲದ ಬೆಳೆಗಳನ್ನು ಕೆಲವರು ಬೆಳೆಯುವುದನ್ನೇ ಕಡಿಮೆ ಮಾಡಿದರು. ಕೆಲಸಗಾರರು ಹೋದಾಗ ಅವರ ಜೊತೆ ಕೆಲಸವೂ ಹೋಯಿತು.

ಅದಕ್ಕೂ ಮುಂಚೆ, 1921 ಮತ್ತು 1924ರ ಕಾನೂನುಗಳು ಯುರೋಪಿನಿಂದ ಅಮೆರಿಕಕ್ಕೆ ಬರುವವರನ್ನು ತಡೆದಾಗಲೂ ಸ್ಥಳೀಯರ ಗಳಿಕೆ ಏರಿದ್ದು ಕಾಣಲಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಮೆಕ್ಸಿಕೋ ಮೂಲದ ಲಕ್ಷಾಂತರ ಜನರನ್ನು ಹೊರಗೆ ಕಳಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದವರೂ ಇದ್ದರು. ಹಾಗೆ ಖಾಲಿಯಾದ ಪಟ್ಟಣಗಳಲ್ಲಿ ಸ್ಥಳೀಯರ ಉದ್ಯೋಗ ಸುಧಾರಿಸಲಿಲ್ಲ.

ಹಾಗಾದ್ರೆ ನಷ್ಟ ಯಾರಿಗೂ ಇಲ್ಲ ಅಂತೀರಾ?

ಇಲ್ಲ, ಹಾಗೆ ಹೇಳುವುದಿಲ್ಲ. ಟರ್ಕಿಯನ್ನು ನೋಡಿ. ಸಿರಿಯಾದ ಯುದ್ಧದಿಂದ ಓಡಿ ಬಂದವರು ಅಲ್ಲಿ 35 ಲಕ್ಷ ದಾಟಿದರು. 2016ರವರೆಗೆ ಅವರಿಗೆ ಕೆಲಸದ ಪರವಾನಗಿ ಸಿಗುವುದು ತೀರಾ ಅಪರೂಪ. ಹಾಗಾಗಿ ದುಡಿಯಲು ಹೋದವರಲ್ಲಿ ಹೆಚ್ಚಿನವರು ಲೆಕ್ಕಕ್ಕೆ ಬಾರದ ಕೆಲಸಗಳಿಗೆ ಇಳಿದರು. ಪಿಂಚಣಿ ಇಲ್ಲ, ವಿಮೆ ಇಲ್ಲ, ಕೈಗೆ ಕೊಟ್ಟಷ್ಟು ಕೂಲಿ. ಆ ಕೆಲಸಗಳನ್ನೇ ನಂಬಿದ್ದ ಸ್ಥಳೀಯರು ಜಾಗ ಕಳೆದುಕೊಂಡರು. ಅವರಲ್ಲಿ ಕಡಿಮೆ ಓದಿದವರೂ ಹೆಂಗಸರೂ ಇದ್ದರು. ಅದೇ ಹೊತ್ತಿಗೆ ಸ್ಥಳೀಯ ಗಂಡಸರಿಗೆ ದಾಖಲಾದ ಕೆಲಸಗಳು ಜಾಸ್ತಿಯಾದವು. ದೇಶದ ಒಟ್ಟು ಲೆಕ್ಕದಲ್ಲಿ ಎರಡೂ ಸೇರಿ ಸಮ ಅನ್ನಿಸಬಹುದು. ಕೆಲಸ ಹೋದ ಹೆಂಗಸಿಗೆ ಆ ಸಮದಿಂದ ಏನೂ ಸಿಗುವುದಿಲ್ಲ. ಇಂಥವರಿಗೆ ನೇರವಾಗಿ ನೆರವು ಕೊಡದೆ "ದೇಶಕ್ಕೆ ಲಾಭ" ಅಂತ ಭಾಷಣ ಮಾಡುವುದು ಅನ್ಯಾಯ.

## ತೆರಿಗೆ, ಬಾಡಿಗೆ, ಬೆಲೆ

ನಮ್ಮ ತೆರಿಗೆ ದುಡ್ಡಲ್ಲಿ ಅವರನ್ನು ಸಾಕಬೇಕಾ?

ಯಾವ ವಯಸ್ಸಿನಲ್ಲಿ ಬಂದರು ಅನ್ನುವುದು ಇಲ್ಲಿ ದೊಡ್ಡ ಮಾತು. ಇಪ್ಪತ್ತೈದರ ಹರೆಯದಲ್ಲಿ ಬಂದವರ ಶಾಲೆಯ ಖರ್ಚನ್ನು ಇನ್ನೊಂದು ದೇಶ ಆಗಲೇ ಕೊಟ್ಟಿರುತ್ತದೆ. ಮುಂದೆ ದಶಕಗಳ ಕಾಲ ಅವರು ತೆರಿಗೆ ಕಟ್ಟುತ್ತಾರೆ. ಅರವತ್ತು ದಾಟಿ ಬಂದವರ ಲೆಕ್ಕ ಬೇರೆ. ಕಡಿಮೆ ಸಂಬಳದವರ ಲೆಕ್ಕವೂ ಬೇರೆ.

ಮೇಲೆ ಹೇಳಿದ ಅಮೆರಿಕದ 2016ರ ವರದಿಯಲ್ಲಿ ಮೊದಲ ತಲೆಮಾರಿನವರು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಹೊರೆಯಾಗಿಯೇ ಕಾಣುತ್ತಾರೆ. ಮುಖ್ಯ ಕಾರಣ ಅವರ ಮಕ್ಕಳ ಶಾಲೆಯ ಖರ್ಚು. ಆ ಮಕ್ಕಳೇ ದೊಡ್ಡವರಾದಾಗ ದೇಶದಲ್ಲಿ ಹೆಚ್ಚು ತೆರಿಗೆ ಕೊಡುವವರ ಸಾಲಿಗೆ ಸೇರುತ್ತಾರೆ. ತೊಂದರೆ ಏನೆಂದರೆ ಖರ್ಚು ಮಾಡುವುದು ಸ್ಥಳೀಯ ಆಡಳಿತ, ತೆರಿಗೆಯ ದೊಡ್ಡ ಪಾಲು ಹೋಗುವುದು ಕೇಂದ್ರಕ್ಕೆ. ಶಾಲೆಯಲ್ಲಿ ಜಾಗ ಸಾಲದೆ ಸ್ಥಳೀಯರು ಸಿಟ್ಟಾದರೆ ಅದಕ್ಕೆ ಕಾರಣ ಇದೆ. ಆ ಸಿಟ್ಟಿಗೆ ಪರಿಹಾರ ದುಡ್ಡನ್ನು ಆ ಶಾಲೆಗಳವರೆಗೆ ತಲುಪಿಸುವುದು.

ಮನೆ ಬಾಡಿಗೆ ಏರೋದಂತೂ ಸುಳ್ಳಲ್ಲ ಅಲ್ವಾ?

ಸುಳ್ಳಲ್ಲ. ಅಮೆರಿಕದ ನಗರಗಳಲ್ಲಿ ಜನಸಂಖ್ಯೆಯ ಶೇ. 1ರಷ್ಟು ವಲಸಿಗರು ಬಂದರೆ ಬಾಡಿಗೆ ಸುಮಾರು ಶೇ. 1ರಷ್ಟು ಏರುತ್ತದೆ ಅಂತ ಆಲ್ಬರ್ಟ್ ಸೈಜ್ ಕಂಡುಕೊಂಡರು. ಸಂಬಳದ ಮೇಲಿನ ಪರಿಣಾಮಕ್ಕಿಂತ ಇದು ಎದ್ದು ಕಾಣುತ್ತದೆ. ಮನೆ ಕಟ್ಟಲು ಅನುಮತಿಯೇ ಸಿಗದ ನಗರಗಳಲ್ಲಿ ಬಿಸಿ ಇನ್ನೂ ಜಾಸ್ತಿ ತಟ್ಟುತ್ತದೆ. ಸ್ವಂತ ಮನೆ ಇದ್ದವರಿಗೆ ಲಾಭ, ಬಾಡಿಗೆಯವರಿಗೆ ನಷ್ಟ.

ಸಾಮಾನ್ಯ ಜನರ ಖರ್ಚು ಎಲ್ಲಾದರೂ ಇಳಿಯುತ್ತಾ?

ಮನೆಗೆಲಸ, ಮಗು ನೋಡಿಕೊಳ್ಳುವುದು, ತೋಟದ ಕೆಲಸ, ಬಟ್ಟೆ ಒಗೆತದಂಥ ಸೇವೆಗಳ ಬೆಲೆ ಇಳಿಯುತ್ತದೆ ಅಂತ ಪಟ್ರೀಸಿಯಾ ಕಾರ್ಟೆಸ್ ಅಮೆರಿಕದ ಅಂಕಿಗಳಲ್ಲಿ ತೋರಿಸಿದ್ದಾರೆ. ಇದರಿಂದ ಹೆಚ್ಚು ಓದಿದ ಹೆಂಗಸರು ಹೊರಗಿನ ಕೆಲಸಕ್ಕೆ ಹೆಚ್ಚು ಗಂಟೆ ಕೊಡಲು ಸಾಧ್ಯವಾಗಿದೆ. ಈ ಅನುಕೂಲ ಬಹುಪಾಲು ಸೇರುವುದು ಅಂಥ ಸೇವೆ ಕೊಳ್ಳುವ ಶಕ್ತಿ ಇದ್ದವರಿಗೆ ಅನ್ನುವುದನ್ನೂ ಮರೆಯಬಾರದು.

## ಇನ್ನಷ್ಟು ಆಳದ ಪ್ರಶ್ನೆಗಳು

ಕೊನೆಗೆ ಲಾಭ ಮಾಡ್ಕೊಳ್ಳೋದು ಮಾಲೀಕರೇ ತಾನೆ?

ಕೆಲಸಗಾರನಿಗೆ ಮಾಲೀಕನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೆ, ಹೌದು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಕೊಲ್ಲಿ ದೇಶಗಳ ಕಫಾಲ ಪದ್ಧತಿಯಲ್ಲಿ ವೀಸಾ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಹಳೆಯ ನಿಯಮದಲ್ಲಿ ಅವನು ಒಪ್ಪದೆ ಬೇರೆ ಕಡೆ ಸೇರುವ ಹಾಗಿರಲಿಲ್ಲ. ಸಂಬಳ ತಡವಾದರೂ ಸಹಿಸಬೇಕು, ಮಾತು ಕೊಟ್ಟದ್ದಕ್ಕಿಂತ ಕಡಿಮೆ ಕೊಟ್ಟರೂ ಸಹಿಸಬೇಕು. ಎಷ್ಟೋ ಜನ ದಲ್ಲಾಳಿಗೆ ಕೊಡಲು ಬಡ್ಡಿಗೆ ಸಾಲ ಮಾಡಿ ಬಂದಿರುತ್ತಾರೆ. ಅವರು ಬಿಟ್ಟು ಬರುವ ಮಾತೇ ಇಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್ 2011ರಲ್ಲಿ ಒಂದು ಚಿಕ್ಕ ಬದಲಾವಣೆ ಮಾಡಿತು. ಕರಾರಿನ ಅವಧಿ ಮುಗಿದ ಮೇಲೆ ಹಳೆಯ ಮಾಲೀಕನ ಒಪ್ಪಿಗೆ ಇಲ್ಲದೆಯೇ ಹೊಸ ಕಡೆ ಸೇರಬಹುದು ಅಂದಿತು. ಸುರೇಶ್ ನಾಯ್ಡು, ಯಾವ್ ನ್ಯಾರ್ಕೊ, ಶಿಂಗ್-ಯಿ ವಾಂಗ್ ಅದರ ಪರಿಣಾಮ ಅಳೆದರು. ಕರಾರು ಮುಗಿದ ಕೆಲಸಗಾರರ ಗಳಿಕೆ ಸುಮಾರು ಶೇ. 10ರಷ್ಟು ಏರಿತ್ತು. ದೇಶ ಬಿಟ್ಟು ವಾಪಸ್ ಹೋಗುವವರೂ ಕಡಿಮೆಯಾಗಿದ್ದರು. ಜನ ಅವರೇ, ಕೌಶಲ ಅದೇ, ಮಾಡುವ ಕೆಲಸವೂ ಅದೇ. ಬಿಟ್ಟು ಹೋಗಬಹುದು ಅನ್ನುವ ಒಂದು ಹಕ್ಕು ಸಿಕ್ಕಿತ್ತು, ಅಷ್ಟೇ.

ಕತಾರ್ 2020ರಲ್ಲಿ ಇಂಥ ಒಪ್ಪಿಗೆ ಪತ್ರದ ನಿಯಮ ತೆಗೆಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಜಾರಿಗೆ ಬಂತು. ಸ್ಥಳೀಯ ಕೆಲಸಗಾರರಿಗೂ ಇದು ಸಂಬಂಧಪಟ್ಟ ವಿಷಯವೇ. ಕಟ್ಟಿಹಾಕಿದ ಕೆಲಸಗಾರ ಪಕ್ಕದಲ್ಲಿ ಇದ್ದರೆ, ಸ್ವತಂತ್ರವಾಗಿರುವ ಕೆಲಸಗಾರನ ಮಾತಿಗೂ ಬೆಲೆ ಇಳಿಯುತ್ತದೆ.

ಕಾಗದಪತ್ರ ಇಲ್ಲದವರಿಗೆ ಪರವಾನಗಿ ಕೊಟ್ಟರೆ ನಮ್ಮವರಿಗೆ ಇನ್ನೂ ಪೈಪೋಟಿ ಆಗೋದಿಲ್ವಾ?

ಪೈಪೋಟಿ ಆಗಲೇ ಇದೆ. ಅವರು ಕೆಲಸ ಮಾಡುತ್ತಲೇ ಇದ್ದಾರೆ, ಕಾನೂನಿನ ಕಣ್ಣಿಗೆ ಬೀಳದೆ. 2018ರಲ್ಲಿ ಕೊಲಂಬಿಯಾ ಸರ್ಕಾರ ವೆನೆಜುವೆಲಾದಿಂದ ಬಂದು ಕಾಗದವಿಲ್ಲದೆ ಇದ್ದ 4.4 ಲಕ್ಷ ಜನರನ್ನು ದಾಖಲಿಸಿತು. ಅವರಿಗೆ ಕೆಲಸದ ಪರವಾನಗಿ ಪಡೆಯುವ ಅವಕಾಶ ಕೊಟ್ಟಿತು. ಸ್ಥಳೀಯರ ದಾಖಲಾದ ಉದ್ಯೋಗದ ಮೇಲೆ ಗಮನಿಸುವಂಥ ಪರಿಣಾಮ ಕಾಣಲಿಲ್ಲ. 2021ರಲ್ಲಿ ಅದೇ ದೇಶ ವೆನೆಜುವೆಲಾದವರಿಗೆ ಹತ್ತು ವರ್ಷ ಕಾನೂನಿನ ರಕ್ಷಣೆ ಕೊಡುವ ವ್ಯವಸ್ಥೆ ತಂದಿತು. ಅಮೆರಿಕದಲ್ಲಿ 1986ರ ಕಾನೂನಿನಡಿ ಸುಮಾರು 27 ಲಕ್ಷ ಜನ ಸಕ್ರಮವಾದರು. ಆಮೇಲೆ ಅವರ ಸಂಬಳ ಏರಿತು. ಕಡಿಮೆ ಕೂಲಿಗೆ ಸಿಗುವವರು ಕಡಿಮೆಯಾದರೆ, ಅದರಿಂದ ಸ್ಥಳೀಯ ಕೂಲಿಕಾರರಿಗೂ ಒಳ್ಳೆಯದು.

ತುಂಬ ಓದಿದವರು ಬಂದರೆ ಎಲ್ಲರಿಗೂ ಲಾಭ ತಾನೆ?

ಹೆಚ್ಚಿನ ಸಲ ಹೌದು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಯಹೂದಿ ರಸಾಯನಶಾಸ್ತ್ರಜ್ಞರು ಕೆಲಸ ಮಾಡುತ್ತಿದ್ದ ವಿಭಾಗಗಳಲ್ಲಿ ಅಮೆರಿಕದವರ ಪೇಟೆಂಟ್‌ಗಳು ಶೇ. 31ರಷ್ಟು ಏರಿದವು ಅಂತ ಪೆಟ್ರಾ ಮೋಸರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದರೆ 1992ರ ನಂತರ ಸೋವಿಯತ್ ಗಣಿತಜ್ಞರು ಬಂದಾಗ, ಅವರದೇ ವಿಷಯಗಳಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಗಣಿತಜ್ಞರು ಹಿಂದೆ ಬಿದ್ದರು. ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳ ಸಂಖ್ಯೆ ಬೆಳೆದಿರಲಿಲ್ಲ. ಬೆಳೆಯುವ ಉದ್ಯಮಕ್ಕೆ ಬಂದವರು ಜಾಗವನ್ನು ಹಿಗ್ಗಿಸುತ್ತಾರೆ. ಇಷ್ಟೇ ಕುರ್ಚಿ ಅಂತ ಇರುವ ಕಡೆ ಬಂದವರು ಯಾರನ್ನಾದರೂ ಎಬ್ಬಿಸುತ್ತಾರೆ.

ಜನ ಬಿಟ್ಟು ಹೋದ ದೇಶದ ಗತಿ ಏನು?

ಮನೆಗೆ ದುಡ್ಡು ಬರುತ್ತದೆ. ವಿಶ್ವ ಬ್ಯಾಂಕ್ ಲೆಕ್ಕದಲ್ಲಿ 2022ರಲ್ಲಿ ಭಾರತ ಒಂದಕ್ಕೇ ಹೀಗೆ ಬಂದದ್ದು 100 ಬಿಲಿಯನ್ ಡಾಲರಿಗಿಂತ ಜಾಸ್ತಿ. ಪ್ರತಿಭೆ ಸೋರಿಹೋಗುತ್ತದೆ ಅನ್ನುವ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಚಿಕ್ಕ ದೇಶಗಳ ಆಸ್ಪತ್ರೆಗಳಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಮಾತ್ರ ಉಲ್ಟಾ ಆಯಿತು. 2000ರ ನಂತರ ಅಮೆರಿಕ ನರ್ಸ್‌ಗಳಿಗೆ ವೀಸಾ ಹೆಚ್ಚಿಸಿದಾಗ ಅಲ್ಲಿ ನರ್ಸಿಂಗ್ ಕಾಲೇಜುಗಳು ಬೆಳೆದವು. ಹೋದವರಿಗಿಂತ ಹಲವು ಪಟ್ಟು ಜನ ನರ್ಸಿಂಗ್ ಓದಿ ಪರವಾನಗಿ ಪಡೆದರು. ಖಾಸಗಿ ಕಾಲೇಜುಗಳು ಬೇಗ ಸೀಟು ಹೆಚ್ಚಿಸಿದ್ದರಿಂದ ಇದಾಯಿತು. ಸೀಟು ಹೆಚ್ಚಿಸಲಾಗದ ದೇಶಕ್ಕೆ ಈ ಉದಾಹರಣೆ ಒಪ್ಪುವುದಿಲ್ಲ.

ಮುದುಕರೇ ಜಾಸ್ತಿ ಆಗ್ತಿರೋ ದೇಶಗಳಿಗೆ ವಲಸೆ ಒಂದೇ ಮದ್ದಾ?

ಒಂದೇ ಮದ್ದಲ್ಲ, ಬಂದವರಿಗೂ ವಯಸ್ಸಾಗುತ್ತದೆ. ಆದರೆ ಅವರಿಲ್ಲದೆ ಸಾಗುವುದೂ ಕಷ್ಟ. ಜಪಾನಿನಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ 1990ರ ದಶಕದ ಮಧ್ಯದಿಂದ ಇಳಿಯುತ್ತಿದೆ. ಆ ದೇಶ 1993ರಿಂದ ತಾಂತ್ರಿಕ ತರಬೇತಿಯ ಹೆಸರಿನಲ್ಲಿ ಹೊರಗಿನವರನ್ನು ಕರೆಸಿಕೊಂಡಿತು. ತರಬೇತಿ ಅನ್ನುವುದು ಹೆಸರಿಗೆ, ನಡೆದದ್ದು ದುಡಿಮೆ. ಬಂದವರಿಗೆ ಮಾಲೀಕನನ್ನು ಬದಲಿಸುವ ಅವಕಾಶ ಬಹುಮಟ್ಟಿಗೆ ಇರಲಿಲ್ಲ. ಪ್ರತಿವರ್ಷ ಸಾವಿರಾರು ಜನ ಕೆಲಸದ ಜಾಗದಿಂದ ಕಣ್ಮರೆಯಾದರು. 2019ರಲ್ಲಿ ನಿರ್ದಿಷ್ಟ ಕೌಶಲದವರಿಗೆ ಹೊಸ ವೀಸಾ ಬಂತು. ಹಳೆಯ ತರಬೇತಿ ಪದ್ಧತಿಯ ಬದಲಿಗೆ, ಕೆಲವು ಷರತ್ತಿನ ಮೇಲೆ ಮಾಲೀಕನನ್ನು ಬದಲಿಸಲು ಬಿಡುವ ವ್ಯವಸ್ಥೆ ತರಲು 2024ರಲ್ಲಿ ಕಾನೂನು ಆಯಿತು.

ನೀವು ಹೇಳೋದು ನೋಡಿದರೆ, ಒಂದು ಸರ್ಕಾರ ಏನು ಮಾಡಬೇಕು?

ವೀಸಾವನ್ನು ಒಬ್ಬ ಮಾಲೀಕನಿಗೆ ಕಟ್ಟುವುದನ್ನು ಮೊದಲು ಬಿಡಬೇಕು. ಕನಿಷ್ಠ ಕೂಲಿ ಎಲ್ಲರಿಗೂ ಒಂದೇ ಇರಬೇಕು. ಅದನ್ನು ತಪಾಸಣೆ ಮಾಡಲು ಸಾಕಷ್ಟು ಅಧಿಕಾರಿಗಳು ಬೇಕು. ದೂರು ಕೊಟ್ಟ ಕೆಲಸಗಾರನನ್ನು ಗಡೀಪಾರು ಮಾಡಿದರೆ ಇನ್ನು ಮುಂದೆ ಯಾರೂ ದೂರು ಕೊಡುವುದಿಲ್ಲ. ಹಾಗಾಗಿ ತಪಾಸಣೆಯವರು ವಲಸೆ ಇಲಾಖೆಯ ಕೈಯಾಳುಗಳಾಗಿ ಹೋಗಬಾರದು. ಭಾಷೆಯ ತರಗತಿ ಬಂದ ತಿಂಗಳೇ ಶುರುವಾಗಬೇಕು. ಹೊರಗೆ ಪಡೆದ ಪದವಿಯನ್ನು ಒಪ್ಪಿಕೊಳ್ಳುವ ಪರೀಕ್ಷೆ ತಿಂಗಳುಗಳಲ್ಲಿ ಮುಗಿಯಬೇಕು. ಹಾಗೆ ಮಾಡಿದರೆ ವೈದ್ಯರೊಬ್ಬರು ವರ್ಷಗಟ್ಟಲೆ ಟ್ಯಾಕ್ಸಿ ಓಡಿಸುವುದು ತಪ್ಪುತ್ತದೆ.

ಹೊಸಬರು ಹೆಚ್ಚು ಬಂದ ಪಟ್ಟಣಗಳಿಗೆ ಶಾಲೆ, ಆಸ್ಪತ್ರೆ, ಮನೆಗಳಿಗಾಗಿ ಕೇಂದ್ರದ ದುಡ್ಡು ಅದೇ ವರ್ಷ ಹೋಗಬೇಕು. ಅದೇ ಥರದ ಕೆಲಸ ಮಾಡುತ್ತಿದ್ದ ಹಳಬರಿಗೆ, ಅದರಲ್ಲೂ ಐವತ್ತು ದಾಟಿದವರಿಗೆ, ಹೊಸ ಕಸುಬು ಕಲಿಯುವಷ್ಟು ಕಾಲ ಸಂಬಳದ ನೆರವು ಬೇಕು. ಅದಕ್ಕೆ ಹಣ ಎಲ್ಲಿಂದ ಅಂದರೆ, ಹೊಸ ಕೆಲಸಗಾರರಿಂದ ಹೆಚ್ಚು ಗಳಿಸಿದ ಉದ್ಯಮಗಳ ತೆರಿಗೆಯಿಂದ.